ರಟ್ಟು ಹಾಕುತ್ತಿದ್ದ ಹುಡುಗ

ಮಕ್ಕಳೇ, ಪಾತ್ರೆ ಅಂಗಡಿಯಲ್ಲಿ ಕಪ್ಪು ಬಣ್ಣದ ಅಲ್ಯೂಮಿನಿಯಂ ಬಾಣಲೆ ನೋಡಿದ್ದೀರಾ? ಸಾಮಾನ್ಯ ಅಲ್ಯೂಮಿನಿಯಂ ಪಾತ್ರೆಯ ಮೇಲೆ ಬೇಗ ಗೀರು ಬೀಳುತ್ತದೆ. ಈ ಬಾಣಲೆಯ ಮೇಲೆ ಅಷ್ಟು ಸುಲಭವಾಗಿ ಬೀಳದು. ಇದನ್ನು ‘ಹಾರ್ಡ್ ಆನೋಡೈಸ್ಡ್’ ಪಾತ್ರೆ ಎನ್ನುತ್ತಾರೆ. ಈ ಹೆಸರಿನೊಳಗಿನ ‘ಆನೋಡ್’ ಪದವನ್ನು ಬಳಕೆಗೆ ತಂದವರು ಮೈಕೆಲ್ ಫ್ಯಾರಡೆ.

ಫ್ಯಾರಡೆ 1791ರ ಸೆಪ್ಟೆಂಬರ್ 22ರಂದು ಇಂಗ್ಲೆಂಡಿನಲ್ಲಿ ಹುಟ್ಟಿದರು. ತಂದೆ ಬಡ ಕಮ್ಮಾರ. ಶಾಲೆಯಲ್ಲಿ ಕಲಿತದ್ದು ಓದು, ಬರಹ, ಲೆಕ್ಕ ಅಷ್ಟೇ. 14ನೆಯ ವಯಸ್ಸಿನಲ್ಲಿ ಲಂಡನ್ನಿನ ಅಂಗಡಿಯೊಂದರಲ್ಲಿ ಪುಸ್ತಕಗಳಿಗೆ ರಟ್ಟು ಹಾಕುವ ಕೆಲಸ ಕಲಿಯಲು ಸೇರಿದರು. ರಟ್ಟು ಹಾಕಲು ಬಂದ ಪುಸ್ತಕಗಳನ್ನು ಓದತೊಡಗಿದರು. ಜೇನ್ ಮಾರ್ಸೆಟ್ ಎಂಬ ಲೇಖಕಿಯ ರಸಾಯನಶಾಸ್ತ್ರದ ಪುಸ್ತಕ ಅವರ ಮನ ಸೆಳೆಯಿತು. ಕೈಲಾದಷ್ಟು ಪ್ರಯೋಗಗಳನ್ನು ತಾವೇ ಮಾಡಿ ನೋಡಿದರು.

1812ರಲ್ಲಿ ಅವರು ಪ್ರಸಿದ್ಧ ವಿಜ್ಞಾನಿ ಹಂಫ್ರಿ ಡೇವಿಯವರ ಉಪನ್ಯಾಸಗಳನ್ನು ಕೇಳಿದರು. ಬರೆದುಕೊಂಡ ಟಿಪ್ಪಣಿಗಳಿಗೆ ತಾವೇ ರಟ್ಟು ಹಾಕಿ ಡೇವಿಯವರಿಗೆ ಕಳುಹಿಸಿ, ಕೆಲಸ ಕೇಳಿದರು. ಆಗ ಕೆಲಸ ಖಾಲಿ ಇರಲಿಲ್ಲ. ಆದರೆ ಡೇವಿ ಆ ಹುಡುಗನನ್ನು ಮರೆಯಲಿಲ್ಲ. 1813ರಲ್ಲಿ ಕರೆದು ಪ್ರಯೋಗಶಾಲೆಯ ಸಹಾಯಕನನ್ನಾಗಿ ಮಾಡಿಕೊಂಡರು.

ಅಲ್ಲಿ ಫ್ಯಾರಡೆ ದ್ರಾವಣಗಳಲ್ಲಿ ವಿದ್ಯುತ್ ಹರಿಸಿ ಪರೀಕ್ಷಿಸಿದರು. ಹೆಚ್ಚು ವಿದ್ಯುತ್ ಹರಿದಷ್ಟೂ ಹೆಚ್ಚು ರಾಸಾಯನಿಕ ಬದಲಾವಣೆ ಆಗುತ್ತದೆ ಎಂದು 1833–34ರಲ್ಲಿ ತೋರಿಸಿಕೊಟ್ಟರು. ಪಂಡಿತ ವಿಲಿಯಂ ಹ್ಯೂಯೆಲ್ ಅವರ ಸಲಹೆ ಪಡೆದು ಧನಾಗ್ರಕ್ಕೆ ಆನೋಡ್, ಋಣಾಗ್ರಕ್ಕೆ ಕ್ಯಾಥೋಡ್ ಎಂಬ ಹೆಸರುಗಳನ್ನು ಬಳಸಿದರು.

ಈಗ ಬಾಣಲೆಗೆ ಬರೋಣ. ಅಲ್ಯೂಮಿನಿಯಂ ವಸ್ತುವನ್ನು ತಣ್ಣನೆಯ ಗಂಧಕಾಮ್ಲದ ದ್ರಾವಣದಲ್ಲಿ ಮುಳುಗಿಸಿ, ಆನೋಡ್ ಆಗಿ ಜೋಡಿಸಿ ವಿದ್ಯುತ್ ಹರಿಸುತ್ತಾರೆ. ನೀರಿನಲ್ಲಿರುವ ಆಮ್ಲಜನಕ ಲೋಹದೊಡನೆ ಸೇರಿ ಅಲ್ಯೂಮಿನಿಯಂ ಆಕ್ಸೈಡ್ ಪದರವಾಗುತ್ತದೆ. ಹೊಳೆಯುವ ಮಾಣಿಕ್ಯವೂ ಮುಖ್ಯವಾಗಿ ಇದೇ ವಸ್ತು! ಹೆಚ್ಚು ವಿದ್ಯುತ್ ಹರಿದರೆ ಪದರ ದಪ್ಪವಾಗುತ್ತದೆ. ಆಮ್ಲ ಬೆಚ್ಚಗಾದರೆ ಪದರವನ್ನೇ ಕರಗಿಸುತ್ತದೆ. ಅದಕ್ಕೇ ಆಮ್ಲವನ್ನು 0 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ ಇಡುತ್ತಾರೆ. ಸುಮಾರು 50 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ಇಪ್ಪತ್ತನೇ ಒಂದು ಭಾಗದಷ್ಟು ಪದರವಿದ್ದರೂ ಯಂತ್ರದ ಬಿಡಿಭಾಗಗಳು ಬೇಗ ಸವೆಯುವುದಿಲ್ಲ. ಬಣ್ಣದಂತೆ ಇದನ್ನು ಮೇಲೆ ಬಳಿದದ್ದಲ್ಲ, ಲೋಹದಿಂದಲೇ ಬೆಳೆದದ್ದು. ಹಾಗಾಗಿ ಗಟ್ಟಿಯಾಗಿ ಅಂಟಿಕೊಂಡಿರುತ್ತದೆ. ಆಮ್ಲ, ವಿದ್ಯುತ್ ಎರಡೂ ಅಪಾಯಕಾರಿ. ನೀವು ಇದನ್ನು ಮಾಡಿ ನೋಡಬೇಡಿ.

ಫ್ಯಾರಡೆ 1867ರ ಆಗಸ್ಟ್ 25ರಂದು ತೀರಿಕೊಂಡರು. ವಿಮಾನದ ಅಲ್ಯೂಮಿನಿಯಂ ಭಾಗಗಳನ್ನು ಸಮುದ್ರದ ಉಪ್ಪುನೀರಿನಿಂದ ಕಾಪಾಡಲು ಇಂಗ್ಲೆಂಡಿನಲ್ಲಿ ಆನೋಡೈಸಿಂಗ್ ಬಳಸಿದ್ದು 1923ರಲ್ಲಿ. ಗಟ್ಟಿ ಪದರದ ವಿಧಾನ ಬಂದದ್ದು ಇನ್ನೂ ಆಮೇಲೆ. ಫ್ಯಾರಡೆ ಇದಾವುದನ್ನೂ ನೋಡಲಿಲ್ಲ. ಆದರೂ ಇದರ ಹಿಂದೆ ಇರುವುದು ಅವರು ಕಂಡುಕೊಂಡ ನಿಯಮವೇ. ಮುಂದಿನ ಸಲ ಕಪ್ಪು ಬಾಣಲೆ ಕಂಡಾಗ, ಪರರ ಪುಸ್ತಕಗಳಿಗೆ ರಟ್ಟು ಹಾಕುತ್ತಲೇ ಓದಿ ಬೆಳೆದ ಆ ಹುಡುಗನನ್ನು ನೆನೆಯುವಿರಲ್ಲವೇ?