ಶ್ರೀರಾಮಪುರದ ವಾರ್ಡ್ ಸಾಹೇಬರು

ವಿಲಿಯಂ ಕೇರೀ ಸಾಹೇಬರ ಹೆಸರನ್ನು ಕೇಳದ ಸಭೆಯು ನಮ್ಮಲ್ಲಿ ವಿರಳ. ಆದರೆ ಅವರೊಂದಿಗೆ ಇಪ್ಪತ್ತಮೂರು ವರುಷ ಒಂದೇ ನೊಗಕ್ಕೆ ಹೆಗಲು ಕೊಟ್ಟ ವಿಲಿಯಂ ವಾರ್ಡ್ ಸಾಹೇಬರ ಸಂಗತಿಯನ್ನು ಬಲ್ಲವರು ಕೊಂಚವೇ. ಆದಕಾರಣ ಅವರ ಚರಿತ್ರೆಯನ್ನು ನಾವು ಇಲ್ಲಿ ಸಂಕ್ಷೇಪವಾಗಿ ಬರೆಯುತ್ತೇವೆ.

ಇವರು 1769ರಲ್ಲಿ ಇಂಗ್ಲೆಂಡಿನ ಡರ್ಬಿ ಪಟ್ಟಣದಲ್ಲಿ ಹುಟ್ಟಿದರು. ಬಾಲ್ಯದಲ್ಲಿಯೇ ತಂದೆಯನ್ನು ಕಳಕೊಂಡು ತಾಯಿಯ ಆರೈಕೆಯಲ್ಲಿ ಬೆಳೆದು, ಅಚ್ಚುಕೂಟದ ಕೆಲಸವನ್ನು ಕಲಿತು, ವರ್ತಮಾನಪತ್ರಿಕೆಗಳನ್ನು ನಡಿಸಿದರು. 1793ರಲ್ಲಿ ಕೇರೀ ಸಾಹೇಬರು ಹಿಂದೂದೇಶಕ್ಕೆ ಹೊರಡುವ ಮುಂಚೆ ಇವರನ್ನು ಕಂಡು, ದೇವರ ವಾಕ್ಯವನ್ನು ಅಚ್ಚುಹಾಕುವದಕ್ಕೆ ಮುಂದೆ ಇಂಥವನೊಬ್ಬನು ಬೇಕಾಗುವನೆಂದು ತಿಳಿಸಿದ್ದರು. ಆ ಮಾತು ಅವರ ಹೃದಯದಲ್ಲಿ ಬೇರೂರಿತು. 1799ರ ಅಕ್ಟೋಬರಿನಲ್ಲಿ ಅವರು ಮಾರ್ಷ್‌ಮನ್ ಸಾಹೇಬರೇ ಮೊದಲಾದವರ ಸಂಗಡ ಬಂಗಾಳದ ಶ್ರೀರಾಮಪುರದಲ್ಲಿ ಬಂದಿಳಿದರು. ಆ ಊರು ಆಗ ಡೆನ್ಮಾರ್ಕಿನ ಅರಸನ ಕೈಯಲ್ಲಿತ್ತು. ಕಂಪೆನಿಯವರ ತಡೆ ಅಲ್ಲಿಗೆ ಮುಟ್ಟುವಂತಿರಲಿಲ್ಲ. 1800ರ ಜನವರಿಯಲ್ಲಿ ಕೇರಿಯವರೂ ಅಲ್ಲಿಗೆ ಬಂದು ಸೇರಿದರು.

ಹಲವು ಕುಟುಂಬಗಳು ಒಂದೇ ಪಂಕ್ತಿಯಲ್ಲಿ ಉಂಡು, ದುಡಿದದ್ದನ್ನೆಲ್ಲಾ ಒಂದೇ ಚೀಲಕ್ಕೆ ಹಾಕಿ ಬಾಳಿದವು. ಶನಿವಾರ ಸಂಜೆಗೆ ಎಲ್ಲರೂ ಕೂಡಿ, ಆ ವಾರದಲ್ಲಿ ಒಬ್ಬರಿಗೊಬ್ಬರಿಂದ ಆದ ಬೇಸರವನ್ನು ಹೇಳಿ ತೀರಿಸಿಕೊಳ್ಳುವ ಪದ್ಧತಿ ಇತ್ತು. ಒಂದು ಬಾವಿಯ ಹಗ್ಗಕ್ಕಾಗಿ ಎರಡು ಮನೆಯವರು ವರುಷಗಟ್ಟಲೆ ಮಾತು ಬಿಡುವದನ್ನು ಕಂಡಿರುವ ನಮಗೆ, ಇದು ಎಷ್ಟು ಕಠಿಣವಾದ ಕೆಲಸವೆಂದು ಬಿಡಿಸಿ ಹೇಳಬೇಕಾದದ್ದಿಲ್ಲ.

ಕೇರಿಯವರ ಮನೆಯಲ್ಲಿ ದೊಡ್ಡ ದುಃಖವಿತ್ತು. ಅವರ ಹೆಂಡತಿಯಾದ ಡಾರತಿಯಮ್ಮನವರ ಬುದ್ಧಿಯು ಕದಡಿಹೋಗಿತ್ತು. ಭಾಷಾಂತರದಲ್ಲಿ ಮುಳುಗಿದ್ದ ತಂದೆಗೆ ಮಕ್ಕಳ ಕಡೆ ನೋಡಲು ಬಿಡುವಿರಲಿಲ್ಲ. ಹುಡುಗರು ಅಂಕೆಯಿಲ್ಲದೆ ಬೆಳೆಯುತ್ತಿದ್ದರು. ಇದನ್ನು ಕಂಡು ಇತರರು ಮರುಗಿದರು. ವಾರ್ಡರಾದರೋ ಹಿರಿಯ ಮಗನಾದ ಫೆಲಿಕ್ಸನನ್ನು ಅಚ್ಚುಕೂಟಕ್ಕೆ ಕರಕೊಂಡು ಹೋಗಿ, ಪಕ್ಕದಲ್ಲಿ ನಿಲ್ಲಿಸಿಕೊಂಡು, ಮೊಳೆ ಜೋಡಿಸುವದನ್ನು ಕಲಿಸುತ್ತಾ ಅಣ್ಣನ ಹಾಗೆ ಅವನ ಮನಸ್ಸನ್ನು ಗೆದ್ದರು. 1800ರ ದಶಂಬರ 28ರಲ್ಲಿ ಬಡಗಿ ಕೃಷ್ಣಪಾಲನು ದೀಕ್ಷಾಸ್ನಾನ ಹೊಂದಿದಾಗ ಫೆಲಿಕ್ಸನೂ ಅವನೊಂದಿಗೆ ನದಿಗೆ ಇಳಿದನು. ಸ್ನೇಹಿತನಿಗೆ ಇದಕ್ಕಿಂತ ದೊಡ್ಡ ಉಪಕಾರವನ್ನು ಯಾರು ಮಾಡಬಲ್ಲರು? ಮರುವರುಷ ಬಂಗಾಳೀ ಹೊಸ ಒಡಂಬಡಿಕೆಯು ಅಚ್ಚಾಗಿ ಹೊರಟಿತು.

1812ರ ಮಾರ್ಚ್ 11ರ ಸಂಜೆ ಅಚ್ಚುಕೂಟಕ್ಕೆ ಬೆಂಕಿ ಹತ್ತಿತು. ವಾರ್ಡರು ಗಾಳಿ ನುಗ್ಗದಂತೆ ಕದ ಕಿಟಕಿಗಳನ್ನು ಮುಚ್ಚಿಸಿ, ಮಾಡಿನ ಮೇಲಿಂದ ತಾಸುಗಟ್ಟಲೆ ನೀರು ಹೊಯ್ಯಿಸಿದರು. ಉರಿ ತಗ್ಗುತ್ತಿರುವಾಗ ಯಾರೋ ಒಂದು ಕಿಟಕಿಯನ್ನು ತೆರೆದುಬಿಟ್ಟರು. ಕ್ಷಣದಲ್ಲಿ ಜ್ವಾಲೆ ಎದ್ದು, ಕಾಗದವೂ ಮೊಳೆಗಳೂ ಕೇರಿಯವರ ಅನೇಕ ವರುಷಗಳ ಹಸ್ತಪ್ರತಿಗಳೂ ಹೋದವು. ಕೇರಿಯವರು ಆಗ ಕಲ್ಕತ್ತೆಯಲ್ಲಿದ್ದರು. ಮರುದಿನ ವಾರ್ಡರು ಬೂದಿಯನ್ನು ಕೆದಕುತ್ತಿರಲು, ಅಕ್ಷರಗಳನ್ನು ಎರಕ ಹೊಯ್ಯುವದಕ್ಕೆ ಬೇಕಾದ ಉಕ್ಕಿನ ಅಚ್ಚುಗಳು ಕೆಡದೆ ಸಿಕ್ಕಿದವು. ಕರಗಿದ ಸೀಸವನ್ನೇ ಬಾಚಿ ತಿರಿಗಿ ಮೊಳೆ ಎರೆಯತೊಡಗಿದರು. ಕೇರಿಯವರ ಕನ್ನಡ ವ್ಯಾಕರಣವು 1817ರಲ್ಲಿ ಅಚ್ಚಾದದ್ದು ಈ ಅಚ್ಚುಕೂಟದಲ್ಲಿಯೇ ಎಂಬದನ್ನು ನಾವು ಮರೆಯಬಾರದು.

ವಾರ್ಡರಲ್ಲಿ ಕುಂದೇ ಇರಲಿಲ್ಲವೆಂದು ನಾವು ಹೇಳುವದಿಲ್ಲ. ಹಿಂದೂಗಳ ಆಚಾರಗಳನ್ನು ಕುರಿತು ಅವರು ಬರೆದ ದೊಡ್ಡ ಗ್ರಂಥದಲ್ಲಿ ಬಿರುಸಾದ ಮಾತುಗಳು ಬಹಳ. ಆದರೂ ಮನೆಯೊಳಗೆ ಅವರು ಮೃದುಸ್ವಭಾವದವರು. ಜಗಳ ತಣಿಸುವದಕ್ಕೆ ಅವರನ್ನೇ ಹುಡುಕುತ್ತಿದ್ದರು.

ಮುಂದೆ ದೇಹಾಲಸ್ಯದಿಂದ ಇಂಗ್ಲೆಂಡಿಗೂ ಅಲ್ಲಿಂದ ಅಮೆರಿಕಕ್ಕೂ ಹೋಗಿ, ಶ್ರೀರಾಮಪುರದ ಹೊಸ ಕಾಲೇಜಿಗೋಸ್ಕರ ಹಣ ಕೂಡಿಸಿ, 1821ರಲ್ಲಿ ಹಿಂದಿರುಗಿದರು. 1822ರಲ್ಲಿ ಫೆಲಿಕ್ಸನು ತೀರಿಕೊಂಡನು. 1823ರ ಮಾರ್ಚಿನಲ್ಲಿ ವಾರ್ಡರಿಗೆ ವಾಂತಿಭೇದಿ ತಗಲಿ, ಎರಡು ದಿನ ತುಂಬುವದರೊಳಗೆ 7ನೇ ತಾರೀಖಿನಲ್ಲಿ ಪ್ರಾಣ ಬಿಟ್ಟರು. ಆ ಮೂವರ ಕಟ್ಟು ಮೊದಲು ಬಿಚ್ಚಿದ್ದು ಅಂದೇ. ಮುದುಕರಾಗಿದ್ದ ಕೇರಿಯವರೂ ಮಾರ್ಷ್‌ಮನ್ನರೂ ಅವರ ಪಾಲಿನ ಕೆಲಸವನ್ನು ತಮ್ಮಲ್ಲಿ ಹಂಚಿಕೊಂಡು ನಡಿಸಿದರು. 1834ರಲ್ಲಿ ಕೇರಿಯವರನ್ನೂ 1837ರಲ್ಲಿ ಮಾರ್ಷ್‌ಮನ್ನರನ್ನೂ ವಾರ್ಡರಿದ್ದ ಅದೇ ಸ್ಮಶಾನದಲ್ಲಿ ಹೂಣಿಟ್ಟರು.