ಜಾನ್ ಲೆನನ್: ಅಮ್ಮ ಕಲಿಸಿದ ನಾಲ್ಕು ತಂತಿ

ನಮ್ಮ ಹಾಸ್ಟೆಲ್‌ನ ಪ್ರತಿ ಫ್ಲೋರ್‌ನಲ್ಲೂ ಒಂದು ಗಿಟಾರ್ ಇದ್ದೇ ಇರತ್ತೆ. ಬೀಟಲ್ಸ್ ಟೀ-ಶರ್ಟ್ ಹಾಕ್ಕೊಂಡು ಓಡಾಡೋರಿಗೂ ಬರ ಇಲ್ಲ. ಆದ್ರೆ ಆ ಬ್ಯಾಂಡ್ ಕಟ್ಟಿದ ಜಾನ್ ಲೆನನ್‌ಗೆ ಮೊದಲ ಪಾಠ ಹೇಳಿಕೊಟ್ಟಿದ್ದು ಯಾರು ಅಂತ ಕೇಳಿದ್ರೆ ನಮ್ಮಲ್ಲಿ ಹೆಚ್ಚಿನವರು ಯಾವುದೋ ಮ್ಯೂಸಿಕ್ ಮೇಷ್ಟ್ರು ಇರಬೇಕು ಅಂದ್ಕೊಳ್ತೀವಿ. ಅಲ್ಲ, ಅವನ ಅಮ್ಮ. ಅದೂ ಗಿಟಾರ್ ಅಲ್ಲ, ಬ್ಯಾಂಜೋ.

ಜಾನ್ ಹುಟ್ಟಿದ್ದು 1940ರ ಅಕ್ಟೋಬರ್ 9ರಂದು, ಇಂಗ್ಲೆಂಡಿನ ಬಂದರು ಊರು ಲಿವರ್‌ಪೂಲ್‌ನಲ್ಲಿ. ಹೊರಗೆ ಎರಡನೇ ಮಹಾಯುದ್ಧ ನಡೀತಿತ್ತು. ಅಪ್ಪ ಆಲ್ಫ್ರೆಡ್ ಹಡಗಿನಲ್ಲಿ ಕೆಲಸಕ್ಕಿದ್ದ. ಮನೆಯಲ್ಲಿ ಇದ್ದದ್ದಕ್ಕಿಂತ ಸಮುದ್ರದ ಮೇಲೆ ಇದ್ದದ್ದೇ ಹೆಚ್ಚು. ಕೊನೆಗೆ ಸಂಸಾರ ಮುರಿದುಬಿತ್ತು. ಅಮ್ಮ ಜೂಲಿಯಾ ಇನ್ನೊಬ್ಬರ ಜೊತೆ ಬದುಕಲು ಶುರು ಮಾಡಿದಾಗ, ಅವಳ ಅಕ್ಕ ಮಿಮಿ ಹುಡುಗನನ್ನು ತನ್ನ ಮನೆಗೆ ಕರ್ಕೊಂಡು ಹೋದಳು. ಐದು ವರ್ಷದ ಹೊತ್ತಿಗೆ ಜಾನ್ ದೊಡ್ಡಮ್ಮನ ಮನೆಯ ಮಗ ಆಗಿಬಿಟ್ಟಿದ್ದ.

ದೊಡ್ಡಮ್ಮನದು ಶಿಸ್ತಿನ ಮನೆ. ಪುಸ್ತಕ ಇತ್ತು, ತೋಟ ಇತ್ತು, ಎಲ್ಲದಕ್ಕೂ ಟೈಮ್ ಇತ್ತು. ಅಮ್ಮನ ಮನೆ ಅಲ್ಲಿಂದ ಸುಮಾರು ಎರಡು ಮೈಲಿ. ದೊಡ್ಡವನಾಗ್ತಾ ಆಗ್ತಾ ಅವನು ಅಲ್ಲಿಗೆ ತಾನೇ ಹೋಗಿಬರೋಕೆ ಶುರು ಮಾಡಿದ. ಅಲ್ಲಿ ಸಿಕ್ಕಿದ್ದು ಬೇರೆಯದೇ ಪ್ರಪಂಚ. ಜೂಲಿಯಾ ಹಾಡೋಳು, ಕುಣಿಯೋಳು, ಬ್ಯಾಂಜೋ ನುಡಿಸೋಳು, ತಮಾಷೆ ಮಾಡೋಳು. ಅಮ್ಮನಿಗಿಂತ ಹೆಚ್ಚಾಗಿ ವಯಸ್ಸಿನಲ್ಲಿ ದೊಡ್ಡವಳಾದ ಗೆಳತಿ ಥರ.

1956ರಲ್ಲಿ ಎಲ್ವಿಸ್ ಪ್ರೀಸ್ಲಿಯ ರೆಕಾರ್ಡುಗಳು ಇಂಗ್ಲೆಂಡಿಗೆ ಬಂದವು. ಜಾನ್‌ಗೆ ಆಗ 15 ವರ್ಷ. ಆ ಕಾಲದ ಎಷ್ಟೋ ಮನೆಗಳಲ್ಲಿ ರಾಕ್ ಅಂಡ್ ರೋಲ್ ಅಂದ್ರೆ ಬರೀ ಗಲಾಟೆ. ಜೂಲಿಯಾ ಮನೆಯಲ್ಲಿ ಹಾಗಲ್ಲ; ಮಗನಿಗೆ ಹುಚ್ಚು ಹಿಡಿಸಿದ್ದೇ ಅವಳಿಗೂ ಹಿಡಿಸಿತ್ತು. ಇಬ್ಬರೂ ಒಟ್ಟಿಗೆ ಕೇಳೋರು. ಬ್ಯಾಂಜೋ ಹಿಡಿದು ಅವಳು ಅವನಿಗೆ ಕಲಿಸಿದ ಮೊದಲ ಹಾಡು ಫ್ಯಾಟ್ಸ್ ಡಾಮಿನೋನ 'ಏಂಟ್ ದಟ್ ಎ ಶೇಮ್'.

ಆಮೇಲೆ ಪೋಸ್ಟಿನಲ್ಲಿ ತರಿಸಿದ ಒಂದು ಅಗ್ಗದ ಗ್ಯಾಲೋಟೋನ್ ಗಿಟಾರ್ ಬಂತು. ಬಂದಿದ್ದು ಅಮ್ಮನ ವಿಳಾಸಕ್ಕೆ, ಯಾಕಂದ್ರೆ ಗಿಟಾರಿನಿಂದ ಹೊಟ್ಟೆ ತುಂಬಲ್ಲ ಅನ್ನೋದು ದೊಡ್ಡಮ್ಮನ ಖಚಿತ ಅಭಿಪ್ರಾಯ. ಅವಳ ಮನೆಯಲ್ಲಿ ಪ್ರಾಕ್ಟೀಸ್ ಏನಿದ್ದರೂ ಮುಂಬಾಗಿಲ ಹತ್ತಿರದ ಗಾಜಿನ ಪಡಸಾಲೆಯಲ್ಲೇ. ಜೂಲಿಯಾಗೆ ಗೊತ್ತಿದ್ದದ್ದು ಬ್ಯಾಂಜೋ ಕಾರ್ಡುಗಳು ಮಾತ್ರ. ಹಾಗಾಗಿ ಆರು ತಂತಿಯ ಗಿಟಾರನ್ನೇ ಬ್ಯಾಂಜೋ ಥರ ಶ್ರುತಿ ಮಾಡಿ, ನಾಲ್ಕೇ ತಂತಿ ಬಳಸಿ, ಉಳಿದ ಎರಡನ್ನು ಸುಮ್ಮನೆ ಬಿಟ್ಟು ಅವನು ನುಡಿಸ್ತಿದ್ದ. ನಮ್ಮ ಲ್ಯಾಬ್ ಭಾಷೆಯಲ್ಲಿ ಹೇಳೋದಾದ್ರೆ ಸೆಟಪ್ಪೇ ತಪ್ಪು. ಆದ್ರೆ ಔಟ್‌ಪುಟ್ ಬರ್ತಿತ್ತು! ಅಷ್ಟರಲ್ಲೇ ಸ್ಕೂಲ್ ಗೆಳೆಯರ ಜೊತೆ ಕ್ವಾರಿಮೆನ್ ಅನ್ನೋ ಬ್ಯಾಂಡ್ ಕಟ್ಟಿದ. ಅದರಲ್ಲಿ ಒಬ್ಬನ ವಾದ್ಯ ಬಟ್ಟೆ ಒಗೆಯೋ ಹಲಗೆ, ಇನ್ನೊಬ್ಬನದು ಟೀ ಪೆಟ್ಟಿಗೆಗೆ ಕೋಲು ಸಿಕ್ಕಿಸಿ ಒಂದು ದಾರ ಎಳೆದು ಕಟ್ಟಿದ್ದು.

1957ರ ಜುಲೈ 6ರಂದು ವೂಲ್ಟನ್‌ನ ಸೇಂಟ್ ಪೀಟರ್ಸ್ ಚರ್ಚಿನ ಜಾತ್ರೆಯಲ್ಲಿ ಈ ಬ್ಯಾಂಡ್ ನುಡಿಸಿತು. ಅಲ್ಲಿ ಸಿಕ್ಕ 15ರ ಹುಡುಗ ಪಾಲ್ ಮೆಕಾರ್ಟ್ನಿಗೆ ಗಿಟಾರ್ ಶ್ರುತಿ ಮಾಡೋಕೆ ಬರ್ತಿತ್ತು. ಸರಿಯಾದ ಗಿಟಾರ್ ಕಾರ್ಡುಗಳನ್ನು ಜಾನ್ ಕಲಿತಿದ್ದು ಅವನಿಂದ. ಪಾಲ್ ಎಡಚ, ಹಾಗಾಗಿ ಕಾರ್ಡುಗಳನ್ನು ಕನ್ನಡಿಯಲ್ಲಿ ನೋಡಿದ ಹಾಗೆ ಉಲ್ಟಾ ಮಾಡ್ಕೊಂಡು ಕಲೀಬೇಕಿತ್ತು. ಪಾಲ್ ಅಮ್ಮ ಹಿಂದಿನ ವರ್ಷವಷ್ಟೇ ಕ್ಯಾನ್ಸರಿನಿಂದ ತೀರಿಕೊಂಡಿದ್ದರು.

1958ರ ಜುಲೈ 15ರ ಸಂಜೆ ಜೂಲಿಯಾ ಅಕ್ಕನ ಮನೆಗೆ ಬಂದು, ಮಾತಾಡಿ, ಬಸ್ ಹಿಡಿಯೋಕೆ ಅಂತ ಮೆನ್‌ಲವ್ ಅವೆನ್ಯೂ ದಾಟುವಾಗ ಕಾರು ಬಡಿಯಿತು. ಅವಳಿಗೆ 44 ವರ್ಷ, ಜಾನ್‌ಗೆ 17. ಆ ಹೊತ್ತಿಗೆ ಅವನು ಅಮ್ಮನ ಮನೆಯಲ್ಲೇ ಇದ್ದ. ಸುದ್ದಿ ತಂದಿದ್ದು ಬಾಗಿಲು ತಟ್ಟಿದ ಒಬ್ಬ ಪೊಲೀಸ್. ಅಮ್ಮ ಕೈಬಿಟ್ಟಿದ್ದು ಒಂದು ಸಲ, ಅವಳನ್ನು ಕಳ್ಕೊಂಡಿದ್ದು ಇನ್ನೊಂದು ಸಲ. ಈಗ ಪಾಲ್‌ಗೂ ಅಮ್ಮ ಇಲ್ಲ, ಜಾನ್‌ಗೂ ಇಲ್ಲ. ಇಬ್ಬರೂ ಕೂತು ಹಾಡು ಬರೆಯೋದು ಮಾತ್ರ ನಿಲ್ಲಲಿಲ್ಲ.

ಮುಂದಿನ ಕಥೆ ನಮಗೆಲ್ಲ ಗೊತ್ತಿರೋದೇ. ಬೀಟಲ್ಸ್ ಜಗತ್ತನ್ನೇ ಗೆದ್ದಿತು. 1963ರಲ್ಲಿ ಹುಟ್ಟಿದ ಮೊದಲ ಮಗನಿಗೆ ಜಾನ್ ಅಮ್ಮನ ನೆನಪಿಗೆ ಜೂಲಿಯನ್ ಅಂತ ಹೆಸರಿಟ್ಟ. 1968ರಲ್ಲಿ ಬೀಟಲ್ಸ್ ನಮ್ಮ ರಿಷಿಕೇಶಕ್ಕೆ ಬಂದಾಗ, ಜೊತೆಗಿದ್ದ ಗಾಯಕ ಡೊನೊವನ್‌ನಿಂದ ಬೆರಳಿನಲ್ಲಿ ತಂತಿ ಮೀಟೋ ಹೊಸ ಕ್ರಮ ಕಲಿತ. ಅದೇ ಕ್ರಮದಲ್ಲಿ ಮಾಡಿದ ಹಾಡು 'ಜೂಲಿಯಾ'. ಬೀಟಲ್ಸ್ ಹಾಡುಗಳಲ್ಲಿ ಜಾನ್ ಬೇರೆ ಯಾರೂ ಇಲ್ಲದೆ ಒಬ್ಬನೇ ಹಾಡಿ ನುಡಿಸಿದ್ದು ಅದೊಂದೇ. ಎರಡು ವರ್ಷದ ಮೇಲೆ ಬಂದ 'ಮದರ್' ಹಾಡಿನಲ್ಲಿ ಆ ಮೆದು ದನಿ ಇಲ್ಲ. ಗಂಟೆಯ ಶಬ್ದದಿಂದ ಶುರುವಾಗಿ ಕಿರುಚಾಟದಲ್ಲಿ ಮುಗಿಯತ್ತೆ. ಒಬ್ಬಳೇ ಅಮ್ಮ, ಎರಡು ಹಾಡು. ಎರಡೂ ನಿಜ ಅಂತ ನಮಗನ್ನಿಸತ್ತೆ.

ಜೂಲಿಯನ್‌ಗೆ ಹೆಚ್ಚು ಸಮಯ ಕೊಡದ ಜಾನ್, 1975ರಲ್ಲಿ ಎರಡನೇ ಮಗ ಶಾನ್ ಹುಟ್ಟಿದ ಮೇಲೆ ಸುಮಾರು ಐದು ವರ್ಷ ಸಂಗೀತದ ವ್ಯವಹಾರ ಬಿಟ್ಟು ಮನೆಯಲ್ಲಿದ್ದು ಮಗುವನ್ನು ನೋಡಿಕೊಂಡ. 1980ರ ಡಿಸೆಂಬರ್ 8ರಂದು ನ್ಯೂಯಾರ್ಕಿನಲ್ಲಿ ಮನೆಯ ಬಾಗಿಲಲ್ಲೇ ಅವನಿಗೆ ಗುಂಡು ಬಿತ್ತು. ವಯಸ್ಸು 40. ಅಮ್ಮನಷ್ಟೂ ಬದುಕಲಿಲ್ಲ.

ಅಪ್ಪ ಅಮ್ಮ ಕಲಿಸೋದು ಯಾವಾಗಲೂ ಸಿಲಬಸ್ ಪ್ರಕಾರ ಇರಲ್ಲ. ಜೂಲಿಯಾ ಕಲಿಸಿದ್ದು ಬೇರೆ ವಾದ್ಯದ ಪಾಠ, ಅದೂ ಎರಡೇ ಎರಡು ವರ್ಷ. ಆ ಎರಡು ತಂತಿಗಳನ್ನು ಆಮೇಲೆ ಯಾರಾದರೂ ಹೇಳಿಕೊಡಬಹುದಿತ್ತು, ಪಾಲ್ ಹೇಳಿಕೊಟ್ಟ. ಪಕ್ಕದಲ್ಲಿ ಕೂತು ತಾನೂ ಆ ಹಾಡಿಗೆ ಹುಚ್ಚಾಗೋದು ಮಾತ್ರ ಅಮ್ಮನಿಂದಲೇ ಆಗಬೇಕಿತ್ತು. 1975ರಲ್ಲಿ ಜಾನ್ ತನ್ನ ಹುಡುಗಾಟದ ದಿನಗಳ ಹಾಡುಗಳನ್ನೆಲ್ಲ ಸೇರಿಸಿ 'ರಾಕ್ ಎನ್ ರೋಲ್' ಅನ್ನೋ ಆಲ್ಬಮ್ ತಂದ. ಅದರಲ್ಲಿ 'ಏಂಟ್ ದಟ್ ಎ ಶೇಮ್' ಇದೆ. ಸೆಮಿಸ್ಟರ್ ರಜೆಗೆ ಊರಿಗೆ ಹೋದಾಗ ಹೆಡ್‌ಫೋನ್ ತೆಗೆದಿಟ್ಟು, ಮನೆಯವರಿಗೂ ಕೇಳೋ ಹಾಗೆ ಹಾಕಿ ನೋಡಿ.