ನೆಲದಡಿಯ ಗಡಿ ಕಂಡವರು

ಮಕ್ಕಳೇ, ಮನುಷ್ಯ ಕೊರೆದ ಅತಿ ಆಳದ ರಂಧ್ರ 12 ಕಿ.ಮೀ.ಗಿಂತ ತುಸು ಹೆಚ್ಚು, ಅಷ್ಟೇ. ಆದರೂ ಭೂಕವಚದ ದಪ್ಪವನ್ನು ನಾವು ಬಲ್ಲೆವು. ಅದಕ್ಕೆ ದಾರಿ ತೋರಿದವರು ಆಂಡ್ರಿಯಾ ಮೊಹೊರೊವಿಚಿಚ್.

1857ರಲ್ಲಿ ಕ್ರೊಯೇಷಿಯಾದ ವೊಲೊಸ್ಕೊ ಎಂಬ ಕಡಲೂರಿನಲ್ಲಿ, ಹಡಗಿನ ಲಂಗರು ತಯಾರಿಸುವ ಕಮ್ಮಾರನ ಮಗನಾಗಿ ಜನಿಸಿದರು. ಮೇಷ್ಟರಾದರು. ಮೋಡ, ಗಾಳಿಗಳನ್ನು ಅಭ್ಯಸಿಸಿದರು. 1909ರ ಅಕ್ಟೋಬರ್ 8ರಂದು ಜಾಗ್ರೆಬ್ ನಗರದ ಬಳಿ ಭೂಕಂಪವಾಯಿತು. ಹಲವು ಕೇಂದ್ರಗಳ ದಾಖಲೆಗಳನ್ನು ತರಿಸಿ ನೋಡಿದರೆ, ಒಂದೇ ಬಗೆಯ ಅಲೆ ಎರಡು ಸಲ ಬಂದಿತ್ತು!

ಏಕೆ? ಬನಶಂಕರಿಯಿಂದ ಜಯನಗರಕ್ಕೆ ಒಳರಸ್ತೆಯೇ ಬೇಗ. ಹೆಬ್ಬಾಳಕ್ಕಾದರೆ ಸುತ್ತಾದರೂ ವರ್ತುಲ ರಸ್ತೆ ಹಿಡಿದವರೇ ಮೊದಲು ತಲುಪಬಹುದು (ವಾಹನದಟ್ಟಣೆ ಇಲ್ಲದಿದ್ದರೆ!). ಹಾಗೆಯೇ ಒಂದು ಅಲೆ ಭೂಕವಚದಲ್ಲೇ ಸಾಗಿತ್ತು. ಇನ್ನೊಂದು ಕೆಳಗಿಳಿದು, ಮ್ಯಾಂಟಲ್ ಶಿಲೆಯಲ್ಲಿ ವೇಗವಾಗಿ ಓಡಿ, ಮತ್ತೆ ಮೇಲೆ ಬಂದಿತ್ತು. ದೂರದ ಕೇಂದ್ರಗಳಿಗೆ ಅದೇ ಮೊದಲು! ಆ ಸಮಯದ ಅಂತರದಿಂದ ಲೆಕ್ಕ ಹಾಕಿ, ಎರಡು ಪದರಗಳ ಗಡಿ ಸುಮಾರು 54 ಕಿ.ಮೀ. ಆಳದಲ್ಲಿದೆ ಎಂದು 1910ರಲ್ಲಿ ಪ್ರಕಟಿಸಿದರು. ಅದನ್ನೇ ಈಗ 'ಮೊಹೊ' ಎನ್ನುತ್ತೇವೆ.

1936ರಲ್ಲಿ ಅವರು ನಿಧನರಾದರು. ಭೂಕಂಪದ ಅಲೆಗಳಿಂದಲೇ ಬೆಂಗಳೂರಿನಡಿ ಮೊಹೊ ಸುಮಾರು 35 ಕಿ.ಮೀ. ಆಳದಲ್ಲಿದೆ ಎಂದು ತಿಳಿದಿದೆ. ಸುಮಾರು 9 ಕೋಟಿ ವರ್ಷಗಳ ಹಿಂದೆ ಮಡಗಾಸ್ಕರ್ ನಮ್ಮ ಪಶ್ಚಿಮ ಕರಾವಳಿಯಿಂದ ಸೀಳಿ ದೂರವಾಯಿತಲ್ಲ, ಅಲ್ಲಿ ಕಡಲಿನತ್ತ ಹೋದಂತೆ ಭೂಕವಚ ತೆಳುವಾಗುತ್ತದೆ.